ಮೂಳೆಗೆ ನೆಟ್ಟ ಶ್ರವಣ ಸಾಧನ ಕೈಕೊಟ್ಟಾಗ: ಕೊಡಗಿನ ಬಳಕೆದಾರರಿಗೊಂದು ದೋಷ ನಿವಾರಣೆ ಕೈಪಿಡಿ

ಕಿವಿಯ ಹಿಂದಿನ ಮೂಳೆಗೆ ಟೈಟಾನಿಯಂ ತಿರುಪನ್ನು ನೆಟ್ಟು ಅದರ ಮೇಲೆ ಪ್ರೊಸೆಸರ್ (ಸದ್ದನ್ನು ಕಂಪನವಾಗಿ ಬದಲಿಸುವ ಪುಟ್ಟ ಯಂತ್ರ) ಸಿಕ್ಕಿಸಿಕೊಳ್ಳುವ ಶ್ರವಣ ಸಾಧನವು ಒಂದು ಬೆಳಿಗ್ಗೆ ಸದ್ದಿಲ್ಲದೆ ಕೂತರೆ, ಅದನ್ನು ಬಳಸುವವರಿಗೆ ಮೊದಲು ಬರುವ ಅನುಮಾನ ಶಸ್ತ್ರಚಿಕಿತ್ಸೆ ಕೆಟ್ಟಿತು ಎಂಬುದು, ಎರಡನೆಯದು ಉಳಿದಿದ್ದ ಶ್ರವಣವೂ ಹೋಯಿತು ಎಂಬುದು. ದೋಷಗಳು ನಿಜವಾಗಿ ಕಾಣಿಸಿಕೊಳ್ಳುವ ಕ್ರಮ ಇದಕ್ಕೆ ತದ್ವಿರುದ್ಧವಾಗಿದೆ. ಮೂಳೆಯೊಂದಿಗೆ ಬೆಸೆದುಕೊಂಡ ತಿರುಪು ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಬಾಳಿಕೆ ಬರುವ ಭಾಗ. ಬ್ಯಾಟರಿ, ಮೈಕ್ರೊಫೋನಿನ ರಂಧ್ರ, ಪ್ಲಾಸ್ಟಿಕ್ ಕೊಂಡಿ ಇವು ಬೇಗ ಸೋಲುವ ಭಾಗಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೊಡಗಿನಲ್ಲಂತೂ ಮೊದಲು ತೇವವನ್ನೇ ಅನುಮಾನಿಸಬೇಕು, ಆಮೇಲೆ ಕೊಂಡಿಯನ್ನು, ಕಟ್ಟಕಡೆಗೆ ಕಿವಿಯನ್ನು.

ಈ ಕ್ರಮವನ್ನು ಒತ್ತಿ ಹೇಳಲು ಕಾರಣವಿದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಸುಮಾರು 140 ಕಿಲೋಮೀಟರ್. ಜಿಲ್ಲೆಗೆ ರೈಲಿಲ್ಲ, ಮಳೆಗಾಲದಲ್ಲಿ ಘಾಟಿಯನ್ನು ನಂಬಿ ಹೊರಡುವಂತಿಲ್ಲ ಎಂಬುದನ್ನು 2018ರ ಆಗಸ್ಟ್‌ನ ಭೂಕುಸಿತ ಎಲ್ಲರಿಗೂ ತೋರಿಸಿಕೊಟ್ಟಿದೆ. ಭಾಗಮಂಡಲ ಅಥವಾ ಸೂರ್ಲಬ್ಬಿ ಕಡೆಯಿಂದ ದಿನಗೂಲಿ ಬಿಟ್ಟು ಹೊರಟವರಿಗೆ ಅಲ್ಲಿ ಬ್ಯಾಟರಿ ಬದಲಿಸಿ ವಾಪಸು ಕಳುಹಿಸಿದರೆ ಆಗುವ ನಷ್ಟ ಸಣ್ಣದಲ್ಲ. ಅದೇ ವೇಳೆ, ನಿಜವಾಗಿಯೂ ಕೂಡಲೇ ಹೊರಡಬೇಕಾದ ಕೆಲವು ಸಂದರ್ಭಗಳೂ ಇವೆ. ಯಾವುದು ಮನೆಯಲ್ಲಿ ಮುಗಿಯುವ ಕೆಲಸ, ಯಾವುದು ಅಂದೇ ಆಸ್ಪತ್ರೆಗೆ ಹೋಗಬೇಕಾದ ಕೆಲಸ ಎಂದು ಬೇರ್ಪಡಿಸಿಕೊಳ್ಳುವುದೇ ಇಲ್ಲಿ ಮುಖ್ಯ.

ಸದ್ದು ಸಾಗುವ ದಾರಿ

ಮೂಳೆಯೊಳಗೆ ಟೈಟಾನಿಯಂ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಗುರುತಿಸಿದ್ದರು. ಅದೇ ತತ್ತ್ವದ ಮೇಲೆ 1977ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಆಂಡರ್ಸ್ ಟ್ಯೆಲ್‌ಸ್ಟ್ರೋಮ್ ಮೊದಲ ರೋಗಿಗಳಿಗೆ ಇಂತಹ ಶ್ರವಣ ಸಾಧನವನ್ನು ಅಳವಡಿಸಿದರು. ಮೂಳೆಯೊಳಗೆ ಇರುವ ತಿರುಪಿನ ಉದ್ದ 3 ಅಥವಾ 4 ಮಿಲಿಮೀಟರ್ ಮಾತ್ರ. ಅದರ ಮೇಲೆ ಚರ್ಮದಿಂದ ಹೊರಚಾಚಿದ ಅಬಟ್‌ಮೆಂಟ್ ಎಂಬ ಸಣ್ಣ ಗೂಟ, ಗೂಟಕ್ಕೆ ಸಿಕ್ಕುವ ಪ್ಲಾಸ್ಟಿಕ್ ಕೊಂಡಿ, ಕೊಂಡಿಯ ಇನ್ನೊಂದು ಬದಿಗೆ ಪ್ರೊಸೆಸರ್. ಪ್ರೊಸೆಸರಿನ ಮೈಕ್ರೊಫೋನ್ ಸದ್ದನ್ನು ಹಿಡಿದು ಕಂಪನವಾಗಿ ಬದಲಿಸುತ್ತದೆ. ಆ ಕಂಪನ ಗೂಟ ಮತ್ತು ತಿರುಪಿನ ಮೂಲಕ ತಲೆಬುರುಡೆಗೆ, ಅಲ್ಲಿಂದ ನೇರವಾಗಿ ಒಳಕಿವಿಗೆ ತಲುಪುತ್ತದೆ. ಕಿವಿಯ ನಾಳ, ತಮಟೆ, ಮಧ್ಯಕಿವಿಯ ಪುಟ್ಟ ಮೂಳೆಗಳು ಈ ದಾರಿಯಲ್ಲಿ ಬರುವುದೇ ಇಲ್ಲ. ವರ್ಷಗಟ್ಟಲೆ ಕಿವಿ ಸೋರುವವರಿಗೆ, ಹುಟ್ಟಿನಿಂದಲೇ ಕಿವಿಯ ನಾಳ ಇಲ್ಲದವರಿಗೆ ಇದನ್ನು ಸೂಚಿಸುವುದು ಇದೇ ಕಾರಣಕ್ಕೆ. ಒಂದು ಕಿವಿ ಪೂರ್ತಿ ಹೋದವರಿಗೆ ಸೂಚಿಸುವುದು ಆ ಕಂಪನ ತಲೆಬುರುಡೆಯ ಮೂಲಕ ಇನ್ನೊಂದು ಬದಿಯ ಒಳಕಿವಿಗೆ ತಲುಪುವುದರಿಂದ.

ಇದರಿಂದ ಪತ್ತೆಯ ಕೆಲಸಕ್ಕೆ ಬೇಕಾದ ಒಂದು ತಿಳಿವಳಿಕೆಯೂ ಸಿಗುತ್ತದೆ. ಮಳೆಗಾಲದ ಶೀತದಲ್ಲಿ ಕಿವಿ ಸೋರಲು ತೊಡಗಿತು, ಅದೇ ವಾರ ಸಾಧನವೂ ಮಂದವಾಯಿತು ಎಂದರೆ, ಸೋರುವಿಕೆಯೇ ಮಂದತನಕ್ಕೆ ಕಾರಣವೆಂದು ತೀರ್ಮಾನಿಸಬಾರದು. ಎರಡಕ್ಕೂ ಮಳೆಯೇ ಕಾರಣವಾಗಿರಬಹುದು, ಆದರೆ ಒಂದು ಇನ್ನೊಂದಕ್ಕೆ ಕಾರಣವಲ್ಲ. ಸೋರುವ ಕಿವಿಗೆ ಚಿಕಿತ್ಸೆ ಬೇಕು. ಸಾಧನದ ದೋಷವನ್ನು ಮಾತ್ರ ಬೇರೆಡೆ ಹುಡುಕಬೇಕು.

ಮುಂದೆ ಹೇಳುವುದೆಲ್ಲ ಬಹುಪಾಲು ಗೂಟವಿರುವ ಬಗೆಗೆ ಅನ್ವಯಿಸುತ್ತದೆ. ಚರ್ಮದ ಒಳಗೊಂದು, ಹೊರಗೊಂದು ಅಯಸ್ಕಾಂತ ಇರುವ ಬಗೆ, ಕಂಪಿಸುವ ಭಾಗವನ್ನೇ ಚರ್ಮದ ಒಳಗೆ ಇಟ್ಟಿರುವ ಆಸಿಯಾ ಮತ್ತು ಬೋನ್‌ಬ್ರಿಡ್ಜ್‌ನಂತಹ ಬಗೆ, ಶಸ್ತ್ರಚಿಕಿತ್ಸೆಯಿಲ್ಲದೆ ಮಕ್ಕಳ ತಲೆಗೆ ಕಟ್ಟುವ ಬಟ್ಟೆಯ ಪಟ್ಟಿ ಇವುಗಳ ವ್ಯತ್ಯಾಸಗಳನ್ನು ಆಯಾ ಸ್ಥಳದಲ್ಲಿ ಹೇಳಲಾಗಿದೆ.

ಮೊದಲ ಪರೀಕ್ಷೆ: ಟೆಸ್ಟ್ ರಾಡ್

ಗೂಟವಿರುವ ಸಾಧನದ ಪೆಟ್ಟಿಗೆಯಲ್ಲಿ ಬೆರಳುದ್ದದ ಒಂದು ಕಡ್ಡಿ ಸಾಮಾನ್ಯವಾಗಿ ಇರುತ್ತದೆ. ಅಳವಡಿಸಿದ ದಿನ ಅದನ್ನು ತೋರಿಸಿರುತ್ತಾರೆ. ಆ ಬಳಿಕ ಅದು ಬೀರುವಿನ ಮೂಲೆ ಸೇರಿರುತ್ತದೆ. ಅದನ್ನು ಹುಡುಕಿ ತೆಗೆಯಿರಿ, ಏಕೆಂದರೆ ದೋಷ ಯಂತ್ರದಲ್ಲಿದೆಯೋ ತಲೆಯಲ್ಲಿದೆಯೋ ಎಂಬುದನ್ನು ಐದು ನಿಮಿಷದಲ್ಲಿ ತೀರ್ಮಾನಿಸಬಲ್ಲ ಉಪಕರಣ ಮನೆಯಲ್ಲಿ ಅದೊಂದೇ.

ಹೊಸ ಬ್ಯಾಟರಿ ಹಾಕಿದ ಪ್ರೊಸೆಸರನ್ನು ಕಡ್ಡಿಯ ಒಂದು ತುದಿಗೆ ಸಿಕ್ಕಿಸಿ, ಶಬ್ದಮಟ್ಟವನ್ನು ತಗ್ಗಿಸಿಕೊಂಡು, ಮನೆಯಲ್ಲಿ ಚೆನ್ನಾಗಿ ಕೇಳುವ ಒಬ್ಬರು ಕಡ್ಡಿಯ ಇನ್ನೊಂದು ತುದಿಯನ್ನು ತಮ್ಮ ಕಿವಿಯ ಹಿಂದಿನ ಗಟ್ಟಿ ಮೂಳೆಗೆ ಒತ್ತಿ ಹಿಡಿಯಬೇಕು. ಹಿಡಿಯುವಾಗ ಬೆರಳು ಕಡ್ಡಿಯ ಮೇಲಿರಲಿ. ಪ್ರೊಸೆಸರನ್ನು ಮುಚ್ಚಿ ಹಿಡಿದರೆ ಅದು ಕೀರುತ್ತದೆ ಮತ್ತು ಪರೀಕ್ಷೆ ಹಾಳಾಗುತ್ತದೆ. ಎರಡೂ ಕಿವಿಯ ನಾಳಗಳನ್ನು ಬೆರಳಿನಿಂದಲೋ ಹತ್ತಿಯಿಂದಲೋ ಬಿಗಿಯಾಗಿ ಮುಚ್ಚಿಕೊಂಡು, ಬೇರೊಬ್ಬರನ್ನು ಎರಡು ಮೀಟರ್ ದೂರದಲ್ಲಿ ಸಹಜ ದನಿಯಲ್ಲಿ ಮಾತಾಡಿಸಬೇಕು. ಬಳಿಕ ಅದೇ ಕಡ್ಡಿಯನ್ನು ಸಾಧನ ಬಳಸುವವರು ತಮ್ಮ ಮೂಳೆಗೆ ಒತ್ತಿ, ಆದರೆ ಗೂಟದಿಂದ ದೂರವಾಗಿ, ಕೇಳಬೇಕು.

ಮನೆಯವರಿಗೇ ಏನೂ ಕೇಳದಿದ್ದರೆ, ಅಥವಾ ಗರಗರ ಸದ್ದು ಮಾತ್ರ ಕೇಳಿದರೆ, ದೋಷ ಪ್ರೊಸೆಸರಿನಲ್ಲಿದೆ. ಶಸ್ತ್ರಚಿಕಿತ್ಸೆಯ ಚಿಂತೆ ಬೇಡ. ಮನೆಯವರಿಗೂ ಬಳಸುವವರಿಗೂ ಕಡ್ಡಿಯ ಮೂಲಕ ಚೆನ್ನಾಗಿ ಕೇಳಿ, ಗೂಟಕ್ಕೆ ಸಿಕ್ಕಿಸಿದಾಗ ಮಾತ್ರ ಕೆಟ್ಟು ಕೇಳಿದರೆ ದೋಷ ಗೂಟದಲ್ಲೋ ಅದರ ಸುತ್ತಲಿನ ಚರ್ಮದಲ್ಲೋ ಇದೆ. ಮನೆಯವರಿಗೆ ಸ್ಪಷ್ಟವಾಗಿ ಕೇಳುತ್ತಿದ್ದರೂ ಬಳಸುವವರಿಗೆ ಎರಡೂ ರೀತಿಯಲ್ಲಿ ಮಂದವಾಗಿಯೇ ಕೇಳಿದರೆ, ಒಳಕಿವಿಯ ಶಕ್ತಿ ಕುಗ್ಗಿರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕು. ಚರ್ಮದ ಮೇಲಿಂದ ಒತ್ತಿದಾಗ ಕಂಪನದ ಸ್ವಲ್ಪ ಭಾಗವನ್ನು, ಅದರಲ್ಲೂ ‘ಸ’ ‘ಶ’ಗಳಂತಹ ತೆಳ್ಳನೆಯ ಸದ್ದುಗಳನ್ನು, ಚರ್ಮವೇ ನುಂಗುತ್ತದೆ. ಆದ್ದರಿಂದ ಕಡ್ಡಿಯ ಮೂಲಕ ಗೂಟದಷ್ಟೇ ಚೆನ್ನಾಗಿ ಕೇಳಬೇಕೆಂದು ನಿರೀಕ್ಷಿಸಬಾರದು; ಕಡ್ಡಿಯಲ್ಲೇ ಗೂಟಕ್ಕಿಂತ ಚೆನ್ನಾಗಿ ಕೇಳಿದರೆ ಮಾತ್ರ ಗೂಟದ ಕಡೆ ಖಚಿತವಾಗಿ ದೋಷವಿದೆ.

ಕಂಪಿಸುವ ಭಾಗ ಒಳಗಿರುವ ಸಾಧನಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಅವುಗಳ ಹೊರಭಾಗ ತಾನಾಗಿ ಕಂಪಿಸುವುದಿಲ್ಲ. ಅಂಥವರು ಬ್ಯಾಟರಿ ಮತ್ತು ತೇವವನ್ನು ಪರಿಶೀಲಿಸಿದ ಮೇಲೆ ಚಿಕಿತ್ಸಾಲಯದಲ್ಲಿ ಬೇರೊಂದು ಪ್ರೊಸೆಸರ್ ಇಟ್ಟು ನೋಡುವುದೇ ದಾರಿ.

ಬ್ಯಾಟರಿ

ಈ ಸಾಧನಗಳಲ್ಲಿ ಬಹುಪಾಲಿಗೆ ಬಳಸುವುದು ಜಿಂಕ್-ಏರ್ ಗುಂಡಿ ಬ್ಯಾಟರಿ. ಅದರ ಮೇಲಿನ ಅಂಟುಪಟ್ಟಿಯ ಬಣ್ಣ ಅಳತೆಯನ್ನು ಹೇಳುತ್ತದೆ: ಕಂದು ಪಟ್ಟಿಯದು 312, ಕಿತ್ತಳೆ ಪಟ್ಟಿಯದು 13, ನೀಲಿ ಪಟ್ಟಿಯದು 675. ಇದು ಗಾಳಿಯಲ್ಲಿನ ಆಮ್ಲಜನಕವನ್ನು ಎಳೆದುಕೊಂಡು ಕೆಲಸ ಮಾಡುವ ಬ್ಯಾಟರಿಯಾದ್ದರಿಂದ, ಪಟ್ಟಿ ಕಿತ್ತ ಕೂಡಲೇ ಸಾಧನಕ್ಕೆ ಹಾಕಿ ಮುಚ್ಚಬಾರದು. ಐದು ನಿಮಿಷ ಗಾಳಿಗೆ ಬಿಡಬೇಕು, ಡಿಸೆಂಬರ್-ಜನವರಿಯ ಚಳಿಯಲ್ಲಿ ಇನ್ನೂ ಸ್ವಲ್ಪ ಹೊತ್ತು. ಅವಸರದಲ್ಲಿ ಹಾಕಿ, ಕೇಳುತ್ತಿಲ್ಲವೆಂದು ಇನ್ನೊಂದನ್ನು ಬಿಚ್ಚಿ, ಅದೂ ಕೇಳುತ್ತಿಲ್ಲವೆಂದು ಬ್ಯಾಟರಿಗಳ ಇಡೀ ಹಾಳೆ ಮುಗಿಸುವುದು ಸಾಮಾನ್ಯವಾಗಿ ನಡೆಯುವ ವ್ಯರ್ಥ ಖರ್ಚು. ಪಟ್ಟಿಯನ್ನು ಮತ್ತೆ ಅಂಟಿಸಿ ಉಳಿಸಿಕೊಳ್ಳಬಹುದೆಂಬ ನಂಬಿಕೆಗೂ ಹೆಚ್ಚಿನ ಆಧಾರವಿಲ್ಲ.

ಮಲ್ಟಿಮೀಟರ್ ಇದ್ದವರು ಅಳೆದು ನೋಡಬಹುದು: ಹೊಸ ಬ್ಯಾಟರಿ ಗಾಳಿ ಕುಡಿದ ಮೇಲೆ ಸುಮಾರು 1.4 ವೋಲ್ಟ್ ತೋರಿಸುತ್ತದೆ. ಆದರೆ ಈ ಬಗೆಯ ಬ್ಯಾಟರಿ ಕೊನೆಯವರೆಗೂ ವೋಲ್ಟೇಜನ್ನು ಹೆಚ್ಚು ಇಳಿಸದೆ ಒಮ್ಮೆಲೇ ಕುಸಿಯುವುದರಿಂದ, ಮೀಟರಿನ ಅಂಕಿ ಸರಿಯಿದೆ ಎಂದ ಮಾತ್ರಕ್ಕೆ ಬ್ಯಾಟರಿ ನಿರ್ದೋಷಿಯಾಗುವುದಿಲ್ಲ. ಬೇರೆ ಹಾಳೆಯಿಂದ, ಸಾಧ್ಯವಾದರೆ ಬೇರೆ ಅಂಗಡಿಯಿಂದ ತಂದ ಬ್ಯಾಟರಿ ಹಾಕಿ ನೋಡುವುದೇ ಹೆಚ್ಚು ನಂಬಬಹುದಾದ ಪರೀಕ್ಷೆ. ಬೇಡಿಕೆ ಕಡಿಮೆ ಇರುವ ಸಣ್ಣ ಪೇಟೆಗಳಲ್ಲಿ ಹಾಳೆಗಳು ಕಪಾಟಿನಲ್ಲೇ ಹಳೆಯದಾಗಿರುತ್ತವೆ. ಕೊಳ್ಳುವಾಗ ಅವಧಿ ಮುಗಿಯುವ ದಿನಾಂಕವನ್ನು ಓದಲೇಬೇಕು.

ಮೊದಲು ವಾರವಿಡೀ ಬರುತ್ತಿದ್ದ ಬ್ಯಾಟರಿ ಆಷಾಢದಲ್ಲಿ ಅರ್ಧ ದಿನವೂ ಬಾರದಿದ್ದರೆ ಅದು ಕಂಪನಿಯ ಮೋಸವೇ ಆಗಿರಬೇಕಿಲ್ಲ. ಗಾಳಿಗೆಂದು ಬಿಟ್ಟಿರುವ ಸಣ್ಣ ತೂತುಗಳ ಮೂಲಕ ತೇವವೂ ಒಳಗೆ ಹೋಗುತ್ತದೆ. ಬ್ಯಾಟರಿ ಉಬ್ಬುತ್ತದೆ, ಕೆಲವೊಮ್ಮೆ ಒಸರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸೌದೆ ಒಲೆಯ ಹೊಗೆ ತುಂಬಿದ್ದರೆ ಅದರ ಇಂಗಾಲದ ಡೈಆಕ್ಸೈಡ್ ಕೂಡ ಇಂತಹ ಬ್ಯಾಟರಿಯ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ದೋಷವೂ ಇದೆ: ಮಳೆಯಿಂದ ಕಾಪಾಡಲೆಂದು ಪ್ರೊಸೆಸರಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಹಾಕಿದರೆ, ಉಸಿರಾಡಲು ಗಾಳಿಯಿಲ್ಲದೆ ಬ್ಯಾಟರಿ ಸ್ವಲ್ಪ ಹೊತ್ತಿನಲ್ಲೇ ಸೋಲುತ್ತದೆ, ಪ್ಲಾಸ್ಟಿಕ್ ಬಿಚ್ಚಿದರೆ ಚೇತರಿಸಿಕೊಳ್ಳುತ್ತದೆ. ಹೊರಗೆ ಹೋದಾಗ ನಿಲ್ಲುತ್ತದೆ, ಮನೆಗೆ ಬಂದಾಗ ಸರಿಹೋಗುತ್ತದೆ ಎಂಬ ದೂರಿಗೆ ಇದೂ ಒಂದು ಉತ್ತರವಾಗಿರಬಹುದು.

ಬಳಸಿದ ಗುಂಡಿ ಬ್ಯಾಟರಿ ಮಗುವಿನ ಅಥವಾ ನಾಯಿಯ ಬಾಯಿಗೆ ಸಿಗುವಂತೆ ಬೀಳಬಾರದು. ಮಗು ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ತೇವ

ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಮಡಿಕೇರಿಯಲ್ಲಿ, ಅದಕ್ಕಿಂತಲೂ ಹೆಚ್ಚು ಸುರಿಯುವ ತಲಕಾವೇರಿ ಸುತ್ತಿನಲ್ಲಿ, ಕೊಡವರ ಕಕ್ಕಡ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಕಪಾಟಿನೊಳಗಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಅಂತಹ ಗಾಳಿಯಲ್ಲಿ ಸಾಧನದ ಮೇಲೆ ಒಂದು ಹನಿ ಮಳೆ ಬೀಳದಿದ್ದರೂ ಒಳಗೆ ತೇವ ಸೇರುತ್ತದೆ. ತಣ್ಣಗಿನ ಮಂಜಿನಿಂದ ಬಂದು ಬಚ್ಚಲ ಒಲೆಯ ಹಬೆ ತುಂಬಿದ ಕೋಣೆಗೆ ನುಗ್ಗಿದರೆ, ತಣ್ಣಗಿರುವ ಲೋಹದ ಭಾಗಗಳ ಮೇಲೆ ಆ ಹಬೆ ನೀರಾಗಿ ಕೂರುತ್ತದೆ. ಕುಶಾಲನಗರದ ಒಣ ಬದಿಯಲ್ಲಿ ವಾಸಿಸುವವರಿಗೆ ಈ ತೊಂದರೆ ಅಷ್ಟಿಲ್ಲ. ಅವರಿಗೆ ಬೆವರು ಮತ್ತು ದೂಳು ಹೆಚ್ಚಿನ ಸಮಸ್ಯೆ.

ತೇವದ ದೋಷಕ್ಕೆ ಅದರದೇ ಒಂದು ನಡತೆಯಿದೆ. ಬೆಳಿಗ್ಗೆ ಹಾಕಿಕೊಂಡಾಗ ಸರಿಯಿದ್ದು ಮಧ್ಯಾಹ್ನದ ಹೊತ್ತಿಗೆ ದನಿ ದೂರ ಸರಿದಂತಾಗುತ್ತದೆ. ನಡುನಡುವೆ ಕಡಿದು ಬರುತ್ತದೆ. ತಲೆ ಅಲ್ಲಾಡಿಸದಿದ್ದರೂ ಚರಚರ ಎನ್ನುತ್ತದೆ. ಬಿಸಿಲು ಬಿದ್ದ ದಿನ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತದೆ. ಸುಟ್ಟುಹೋದ ಭಾಗ ಹೀಗೆ ಹೋಗಿ ಬರುವುದಿಲ್ಲ. ದೋಷ ಬಂದ ದಿನ, ಹೊತ್ತು, ಅಂದಿನ ಹವೆ ಇವನ್ನು ಕ್ಯಾಲೆಂಡರಿನ ಮೇಲೆ ಗುರುತು ಮಾಡಿಟ್ಟರೆ ಒಂದೆರಡು ವಾರದಲ್ಲೇ ಚಿತ್ರ ಸ್ಪಷ್ಟವಾಗುತ್ತದೆ, ಆಡಿಯಾಲಜಿಸ್ಟರಿಗೂ (ಶ್ರವಣ ತಜ್ಞರಿಗೂ) ಅದು ಬಹಳ ಉಪಯುಕ್ತ ದಾಖಲೆ.

ಪರಿಹಾರ ಸರಳ, ಆದರೆ ಪ್ರತಿದಿನ ಮಾಡಬೇಕು. ರಾತ್ರಿ ಮಲಗುವಾಗ ಬ್ಯಾಟರಿ ತೆಗೆದು, ಅದರ ಬಾಗಿಲನ್ನು ತೆರೆದಿಟ್ಟು, ಪ್ರೊಸೆಸರನ್ನು ಒಣ ಬಟ್ಟೆಯಿಂದ ಒರೆಸಿ, ತೇವ ಹೀರುವ ಸಿಲಿಕಾ ಜೆಲ್ ಮಣಿಗಳಿರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೆಳಗಿನವರೆಗೆ ಇಡಬೇಕು. ಬ್ಯಾಟರಿಯನ್ನು ಆ ಡಬ್ಬಿಯಲ್ಲಿ ಇಡಬಾರದು, ಅತಿಯಾದ ಒಣತನವೂ ಅದಕ್ಕೆ ಆಗದು. ಜೆಲ್ ಮಣಿಗಳು ಬಣ್ಣ ಬದಲಿಸಿದರೆ ಅವು ತುಂಬಿವೆ ಎಂದರ್ಥ. ಪೊಟ್ಟಣದ ಮೇಲಿನ ಸೂಚನೆಯಂತೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು, ಇಲ್ಲವೇ ಹೊಸದು ತರಬೇಕು. ಜಡಿಮಳೆಯಲ್ಲಿ ಮಣಿಗಳು ಬೇಗ ತುಂಬುತ್ತವೆ, ಜನವರಿಯಲ್ಲಿ ಹಾಕಿದ್ದನ್ನು ಜುಲೈನಲ್ಲಿ ನಂಬಿ ಕೂರಬಾರದು. ವಿದ್ಯುತ್ತಿನಿಂದ ಒಣಗಿಸುವ ಪೆಟ್ಟಿಗೆಗಳೂ ಸಿಗುತ್ತವೆ, ಚೆನ್ನಾಗಿಯೂ ಕೆಲಸ ಮಾಡುತ್ತವೆ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರದ ಊರುಗಳಲ್ಲಿ ಮಣಿಗಳ ಡಬ್ಬಿಯೇ ಲೇಸು ಎಂಬುದು ನನ್ನ ಅಭಿಪ್ರಾಯ.

ಒಲೆಯ ಮೇಲಿನ ಅಟ್ಟ, ಕೂದಲು ಒಣಗಿಸುವ ಡ್ರೈಯರ್, ಬಿಸಿ ಇಸ್ತ್ರಿಪೆಟ್ಟಿಗೆಯ ಪಕ್ಕ, ಅಕ್ಕಿ ಡಬ್ಬ ಇವು ಯಾವುವೂ ಬೇಡ. ಮೊದಲ ಮೂರರ ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗಿ ಒಳಗಿನ ಅಂಟು ಬಿಡುತ್ತದೆ. ನಾಲ್ಕನೆಯದು ತೇವ ಎಳೆಯುವುದಕ್ಕಿಂತ ಹೆಚ್ಚಾಗಿ ಮೈಕ್ರೊಫೋನಿಗೆ ಅಕ್ಕಿಯ ಹುಡಿ ತುಂಬುತ್ತದೆ.

ನೀರು ಹೋಗುವುದಿಲ್ಲವೆಂದು ಪೆಟ್ಟಿಗೆಯ ಮೇಲೆ ಐಪಿ57 ಎಂದು ಬರೆದಿದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ಗುರುತು ಹೇಳುವುದು ಹೊಸ ಸಾಧನವನ್ನು ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ಇಟ್ಟು ನೋಡಿದ ಪರೀಕ್ಷೆಯ ಫಲಿತಾಂಶವನ್ನು. ವರ್ಷಗಟ್ಟಲೆ ಬಳಸಿ ಸವೆದ, ನೀರು ತಡೆಯುವ ಸೀಲು, ಉಪ್ಪು ಬೆವರು, ಕೊಬ್ಬರಿ ಎಣ್ಣೆ ಇವುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ನೀರಿಗೇ ಬಿದ್ದರೆ ಆನ್ ಮಾಡಿ ನೋಡುವ ಆಸೆಯನ್ನು ತಡೆಯಬೇಕು. ಬ್ಯಾಟರಿ ತೆಗೆದು ಎಸೆದು, ನೀರು ಕೊಡವಿ, ಒರೆಸಿ, ಬಾಗಿಲು ತೆರೆದು ಒಣ ಡಬ್ಬಿಯಲ್ಲಿ ಒಂದು ದಿನವಿಡೀ ಬಿಟ್ಟ ಮೇಲೆ ಹೊಸ ಬ್ಯಾಟರಿ ಹಾಕಬೇಕು.

ತೇವ ಇಲ್ಲದೆಯೂ ದನಿ ಮಂದವಾಗಿ, ಕಂಬಳಿ ಹೊದ್ದು ಮಾತಾಡಿದಂತೆ ಕೇಳಿದರೆ ಮೈಕ್ರೊಫೋನಿನ ರಂಧ್ರಗಳನ್ನು ನೋಡಿ. ತಲೆಗೆ ಹಚ್ಚಿದ ಎಣ್ಣೆ, ಪೌಡರ್, ಕಾಫಿ ಕಣದ ದೂಳು, ಮೆಣಸು ಬಿಡಿಸುವಾಗ ಏಳುವ ಹುಡಿ ಇವೆಲ್ಲ ಅಲ್ಲಿ ಸೇರಿ ಗಟ್ಟಿಯಾಗುತ್ತವೆ. ಒಣ ಮೃದು ಬ್ರಷ್‌ನಿಂದ, ರಂಧ್ರ ಕೆಳಮುಖವಾಗಿರುವಂತೆ ಹಿಡಿದು, ಹುಡಿ ಹೊರಕ್ಕೆ ಬೀಳುವ ಹಾಗೆ ಸವರಬೇಕು. ಪಿನ್ನು, ಸೂಜಿ ಮುಟ್ಟಿಸಿದರೆ ಬ್ರಷ್‌ನಿಂದ ಹೋಗುತ್ತಿದ್ದ ದೋಷ ರಿಪೇರಿಗೆ ಹೋಗುತ್ತದೆ. ಎಣ್ಣೆ ಹಚ್ಚುವ ಮುನ್ನ ಪ್ರೊಸೆಸರ್ ತೆಗೆದಿಟ್ಟು, ಎಣ್ಣೆ ಇಂಗಿದ ಮೇಲೆ ಹಾಕಿಕೊಳ್ಳುವುದು ಲೇಸು.

ಕೀರುವ ಸದ್ದು

ಕಂಪಿಸುವ ಪ್ರೊಸೆಸರಿಗೆ ಬೇರೇನಾದರೂ ತಾಗಿದಾಗ ಆ ಕಂಪನ ಮತ್ತೆ ಮೈಕ್ರೊಫೋನಿಗೆ ತಲುಪಿ ಸುತ್ತು ಪೂರ್ಣವಾಗುತ್ತದೆ, ಸಾಧನ ಕೀರುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಏನು ತಾಗುತ್ತಿದೆ? ಕನ್ನಡಕದ ಕಾಲು, ಜರ್ಕಿನ್ನಿನ ಟೋಪಿ, ಸ್ಕೂಟರಿನ ಹೆಲ್ಮೆಟ್, ಕೊಡವ ಮದುವೆಯಲ್ಲಿ ಗಂಡಸರು ಧರಿಸುವ ಮಂಡೆ ತುಣಿ, ಹೆಂಗಸರು ತಲೆಗೆ ಬಿಗಿದು ಕಟ್ಟುವ ವಸ್ತ್ರ, ಮಲಗಿದಾಗ ದಿಂಬು ಇವೆಲ್ಲ ಸಾಮಾನ್ಯ ಕಾರಣಗಳು. ಹಬ್ಬದ ದಿನ ಮಾತ್ರ ಕೀರುವ ಸಾಧನಕ್ಕೆ ರಿಪೇರಿ ಬೇಡ. ವಸ್ತ್ರವನ್ನು ಒಂದು ಬೆರಳು ಹಿಂದಕ್ಕೆ ಕಟ್ಟಿದರೆ ಸಾಕು. ಬ್ರಷ್ ಕಟರ್ ಹಿಡಿದು ತೋಟದ ಕಳೆ ಹೊಡೆಯುವಾಗ ಸುರಕ್ಷತೆಯ ಟೋಪಿಯನ್ನು ಬಿಡುವಂತಿಲ್ಲ, ಆ ಹೊತ್ತಿಗೆ ಪ್ರೊಸೆಸರನ್ನೇ ತೆಗೆದು ಡಬ್ಬಿಯಲ್ಲಿ ಇಡುವುದು ಉತ್ತಮ.

ಏನೂ ತಾಗದೆ ಕೀರುತ್ತಿದ್ದರೆ ಕನ್ನಡಿ ಹಿಡಿದು, ಇಲ್ಲವೇ ಇನ್ನೊಬ್ಬರಿಂದ, ಪ್ರೊಸೆಸರ್ ಮತ್ತು ಚರ್ಮದ ನಡುವಿನ ಅಂತರವನ್ನು ನೋಡಿಸಬೇಕು. ಒಂದು ತೆಳು ಕಾಗದ ಅಡ್ಡಿಯಿಲ್ಲದೆ ಜಾರುವಷ್ಟು ಜಾಗವಿರಬೇಕು. ಮೈತೂಕ ಏರಿದಾಗ, ಅಥವಾ ಗೂಟದ ಸುತ್ತಲಿನ ಚರ್ಮ ದಪ್ಪಗಾಗಿ ಬೆಳೆದಾಗ ಈ ಅಂತರ ಮುಚ್ಚಿಹೋಗುತ್ತದೆ. ಗೂಟಗಳು 6, 9, 12 ಮಿಲಿಮೀಟರ್‌ಗಳಂತೆ ಬೇರೆಬೇರೆ ಉದ್ದದಲ್ಲಿ ಬರುವುದರಿಂದ, ಮೂಳೆಯೊಳಗಿನ ತಿರುಪನ್ನು ಮುಟ್ಟದೆ ಉದ್ದದ ಗೂಟವನ್ನು ಬದಲಿಸಿ ಹಾಕಿ ಇದನ್ನು ಸರಿಪಡಿಸಬಹುದು. ಇದು ಆಸ್ಪತ್ರೆಯ ಕೆಲಸ, ಆದರೆ ಗಾಬರಿಯ ಕೆಲಸವಲ್ಲ.

ಕಳಚಿ ಬೀಳುವುದು, ಚಟಪಟ ಸದ್ದು

ಪ್ರೊಸೆಸರ್ ಸಿಕ್ಕಿಸುವಾಗ ಮೊದಲಿನಂತೆ ‘ಟಿಕ್’ ಎನ್ನದೆ ಸಡಿಲವಾಗಿ ಕೂತರೆ, ಬಗ್ಗಿದಾಗ ಕಳಚಿ ಬಿದ್ದರೆ, ಪ್ಲಾಸ್ಟಿಕ್ ಕೊಂಡಿ ಸವೆದಿದೆ. ಅದಕ್ಕೂ ಮೊದಲು ಕೊಂಡಿಯ ಒಳಗೆ ಮತ್ತು ಗೂಟದ ಗುಳಿಯೊಳಗೆ ಕೂದಲೆಳೆ ಅಥವಾ ಒಣಗಿದ ಹೊಪ್ಪಳೆ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಳ್ಳಬೇಕು. ಒಂದು ಕೂದಲೆಳೆ ಸಾಕು, ಚಟಪಟ ಸದ್ದಿಗೆ. ಕೊಂಡಿ ಬದಲಿಸುವುದು ಸಣ್ಣ ಕೆಲಸ, ಖರ್ಚೂ ಕಡಿಮೆ. ತೋಟದ ತರಗೆಲೆಯೊಳಗೆ ಬಿದ್ದ ಪ್ರೊಸೆಸರ್ ಸಿಗುವುದು ಕಷ್ಟ. ಅಂಗಿಗೆ ಸಿಕ್ಕಿಸುವ ಸುರಕ್ಷತೆಯ ದಾರವನ್ನು ಮಕ್ಕಳು ಮಾತ್ರವಲ್ಲ, ಏಣಿ ಹತ್ತಿ ಮೆಣಸು ಕೀಳುವವರೂ ಬಳಸಬೇಕು.

ಕೊಂಡಿ ಸರಿಯಿದ್ದು ಪ್ರೊಸೆಸರನ್ನು ತಿರುಗಿಸಿದಾಗ ಗೂಟವೂ ಅದರೊಡನೆ ತಿರುಗಿದರೆ ಗೂಟವನ್ನು ಹಿಡಿದಿರುವ ಒಳ ಸ್ಕ್ರೂ ಸಡಿಲವಾಗಿದೆ. ಇದನ್ನು ಮನೆಯ ಸ್ಕ್ರೂಡ್ರೈವರ್‌ನಿಂದ ಬಿಗಿಯಬಾರದು. ಅನೇಕ ಮಾದರಿಗಳಲ್ಲಿ 25 ನ್ಯೂಟನ್ ಸೆಂಟಿಮೀಟರ್‌ನಷ್ಟು ತಿರುಚುಬಲದಿಂದ ಮಾತ್ರ, ಅಳೆದು ತಿರುಗಿಸುವ ಉಪಕರಣದಿಂದ, ಗೂಟ ತಿರುಗದಂತೆ ಎದುರುಬಲ ಕೊಟ್ಟು ಬಿಗಿಯುತ್ತಾರೆ. ಎದುರುಬಲವಿಲ್ಲದೆ ಬಿಗಿದರೆ ಆ ತಿರುಚುಬಲವೆಲ್ಲ ಮೂಳೆಯೊಳಗಿನ ತಿರುಪಿನ ಮೇಲೆ ಬೀಳುತ್ತದೆ. ಆಸ್ಪತ್ರೆಗೆ ಹೋಗುವವರೆಗೆ ಆ ಬದಿ ಪ್ರೊಸೆಸರ್ ಹಾಕಿಕೊಳ್ಳಬಾರದು, ತಲೆಗೆ ಕಟ್ಟುವ ಪಟ್ಟಿ ಇದ್ದರೆ ಅದರಲ್ಲಿ ಬಳಸಬಹುದು.

ಗೂಟ ಮುಟ್ಟಿದರೆ ಆಳದಲ್ಲಿ ನೋವು, ಜಗ್ಗಿದರೆ ಅಲುಗಾಟ, ಕೇಳುವಿಕೆಯಲ್ಲಿ ಇಳಿತ ಇವು ಒಟ್ಟಿಗೆ ಬಂದರೆ ಮೂಳೆಯ ಬೆಸುಗೆಯೇ ಬಿಟ್ಟಿರಬಹುದು. ಇದು ಅಪರೂಪ, ಆದರೆ ಜಾರುವ ಮೆಟ್ಟಿಲಲ್ಲೋ ಗದ್ದೆಯ ಏರಿಯ ಮೇಲೋ ಬಿದ್ದು ಆ ಬದಿಗೆ ಪೆಟ್ಟಾದವರಲ್ಲಿ, ಮತ್ತು ಮೂಳೆ ತೆಳ್ಳಗಿರುವ ಮಕ್ಕಳಲ್ಲಿ ಮರೆಯಬಾರದ ಸಾಧ್ಯತೆ.

ಚರ್ಮ

ಗೂಟದ ಸುತ್ತಲಿನ ಚರ್ಮವನ್ನು ವೈದ್ಯರು ಹೊಲ್ಗರ್ಸ್ ಶ್ರೇಣಿಯಲ್ಲಿ 0ಯಿಂದ 4ರವರೆಗೆ ಅಳೆಯುತ್ತಾರೆ. ಮನೆಯವರೂ ಅದನ್ನು ಗುರುತಿಸಬಹುದು. ಏನೂ ಇಲ್ಲದಿದ್ದರೆ 0. ತುಸು ಕೆಂಪಾದರೆ 1. ಕೆಂಪಾಗಿ ಒಸರುತ್ತಿದ್ದರೆ 2. ಕೆಂಪು ಮಾಂಸದ ಮೊಳಕೆ ಎದ್ದಿದ್ದರೆ 3. ಗೂಟವನ್ನೇ ತೆಗೆಯಬೇಕಾಗುವಷ್ಟು ಸೋಂಕಾದರೆ 4. ಒಂದನೆಯ ಹಂತದಲ್ಲಿ ದಿನವೂ ಮೃದು ಬ್ರಷ್, ಸೌಮ್ಯ ಸಾಬೂನು, ನೀರು ಬಳಸಿ ಗೂಟದ ಬುಡವನ್ನು ಶುಚಿಗೊಳಿಸಿ ಚೆನ್ನಾಗಿ ಒರೆಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ತಲೆಕೂದಲು ಒಣಗದೆ ಬುಡದಲ್ಲಿ ನೀರು ನಿಲ್ಲುವುದರಿಂದ ಈ ಒರೆಸುವ ಕೆಲಸವೇ ಅರ್ಧ ಚಿಕಿತ್ಸೆ. ಎರಡನೆಯ ಹಂತಕ್ಕೆ ಮುಲಾಮು ಬೇಕು, ಅದನ್ನು ವೈದ್ಯರು ಬರೆದುಕೊಡಬೇಕು. ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲೇ ಇದನ್ನು ತೋರಿಸಬಹುದು, ಶಸ್ತ್ರಚಿಕಿತ್ಸೆ ಆದ ಊರಿಗೇ ಹೋಗಬೇಕೆಂದಿಲ್ಲ. ಮೂರನೆಯದು ಕಂಡರೆ ವಾರ ಕಳೆಯುವುದು ಬೇಡ. ಅರಿಶಿನ, ಎಣ್ಣೆ, ಸೊಪ್ಪಿನ ರಸಗಳನ್ನು ಗೂಟದ ಬುಡಕ್ಕೆ ಹಚ್ಚಬಾರದು. ಕಕ್ಕಡದ ಮದ್ದು ಸೊಪ್ಪು ಪಾಯಸಕ್ಕೆ ಸರಿ, ಇಲ್ಲಿಗಲ್ಲ.

ಅಯಸ್ಕಾಂತದ ಬಗೆಯಲ್ಲಿ ಚರ್ಮ ತೂತಾಗಿರುವುದಿಲ್ಲ, ಒತ್ತಡದ ದೋಷ ಮಾತ್ರ ಬರುತ್ತದೆ. ಪ್ರೊಸೆಸರ್ ತೆಗೆದ ಮೇಲೂ ಕೆಂಪು ಗುರುತು ಬಹಳ ಹೊತ್ತು ಉಳಿದರೆ, ನೋವಿದ್ದರೆ, ಅಯಸ್ಕಾಂತದ ಬಲ ಹೆಚ್ಚಾಗಿದೆ. ಪದೇಪದೇ ಜಾರಿದರೆ ಕಡಿಮೆಯಾಗಿದೆ. ಬಲ ಬೇರೆಬೇರೆಯಾಗಿರುವ ಅಯಸ್ಕಾಂತಗಳು ಸಿಗುತ್ತವೆ, ಬದಲಿಸಲು ಕೇಳಬೇಕು.

ಮಕ್ಕಳು

ಇಂಪ್ಲಾಂಟ್ (ದೇಹದೊಳಗೆ ನೆಡುವ ಭಾಗ) ಹಾಕುವ ವಯಸ್ಸಾಗದ ಮಕ್ಕಳು, ಸಾಮಾನ್ಯವಾಗಿ ಐದು ವರ್ಷದ ಒಳಗಿನವರು, ಪ್ರೊಸೆಸರನ್ನು ಬಟ್ಟೆಯ ಪಟ್ಟಿಯಲ್ಲಿ ಧರಿಸುತ್ತಾರೆ. ಕೇಳುತ್ತಿಲ್ಲ ಎಂದು ಹೇಳಲಾರದ ಮಗುವಿನ ಸಾಧನದ ದೋಷವನ್ನು ದೊಡ್ಡವರೇ ಪತ್ತೆ ಹಚ್ಚಬೇಕು. ಪ್ರತಿದಿನ ಬೆಳಿಗ್ಗೆ ಮಗುವಿನ ಹಿಂದೆ ಕೂತು, ಬಾಯಿ ಕಾಣದಂತೆ, ಆ, ಊ, ಈ, ಶ್, ಸ್, ಮ್ ಎಂಬ ಆರು ಸದ್ದುಗಳನ್ನು ಸಹಜ ದನಿಯಲ್ಲಿ ಒಂದೊಂದಾಗಿ ಹೇಳಿ, ಕೇಳಿದಾಗ ಮಗು ಒಂದು ಮಣಿಯನ್ನೋ ಕಾಫಿ ಬೀಜವನ್ನೋ ಬಟ್ಟಲಿಗೆ ಹಾಕುವಂತೆ ಅಭ್ಯಾಸ ಮಾಡಿಸಬೇಕು. ನಿನ್ನೆ ಆರಕ್ಕೂ ಓಗೊಟ್ಟ ಮಗು ಇಂದು ಸ್ ಮತ್ತು ಶ್‌ಗೆ ಮಾತ್ರ ಸುಮ್ಮನಿದ್ದರೆ ಮೈಕ್ರೊಫೋನಿನ ತೇವ, ಕೊಳೆ, ಅಥವಾ ಸಡಿಲ ಪಟ್ಟಿಯನ್ನು ಅನುಮಾನಿಸಬೇಕು. ಆರಕ್ಕೂ ಸುಮ್ಮನಿದ್ದರೆ ಬ್ಯಾಟರಿಯನ್ನು. ಪಟ್ಟಿಯ ಕೆಳಗೆ ಒಂದು ಬೆರಳು ಹೋಗುವಷ್ಟು ಬಿಗಿ ಸಾಕು, ಪ್ರೊಸೆಸರ್ ಕಿವಿಯ ಹಾಲೆಗೆ ತಾಗದೆ ಹಿಂದಿನ ಮೂಳೆಯ ಮೇಲೆ ಕೂರಬೇಕು. ನೆನೆದ ಪಟ್ಟಿಯನ್ನು ಮಗುವಿನ ತಲೆಯ ಮೇಲೇ ಒಣಗಲು ಬಿಡಬಾರದು, ಬದಲಿ ಪಟ್ಟಿಯೊಂದು ಶಾಲೆಯ ಚೀಲದಲ್ಲಿರಲಿ.

ಕೂಡಲೇ ಹೊರಡಬೇಕಾದಾಗ

ಟೆಸ್ಟ್ ರಾಡ್‌ನಲ್ಲಿ ಮನೆಯವರಿಗೆ ಸ್ಪಷ್ಟವಾಗಿ ಕೇಳಿ, ಬಳಸುವವರಿಗೆ ಒಂದೆರಡು ದಿನಗಳಲ್ಲೇ ದಿಢೀರನೆ ಕೇಳದಂತಾಗಿದ್ದರೆ, ಅದರ ಜೊತೆಗೆ ಕಿವಿಯಲ್ಲಿ ಹೊಸ ಮೊರೆತ ಅಥವಾ ತಲೆ ತಿರುಗು ಇದ್ದರೆ, ಅದು ಒಳಕಿವಿಯ ತುರ್ತು. ಮಳೆ ಬಿಡಲಿ, ಸಂತೆ ಮುಗಿಯಲಿ ಎಂದು ಕಾಯಬಾರದು. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿ ಆರಂಭವಾದರೆ ಮಾತ್ರ ಹೆಚ್ಚು ಫಲ ನಿರೀಕ್ಷಿಸಬಹುದು. ಮೈಸೂರಿಗೆ ಹೋಗಲಾಗದಿದ್ದರೆ ಹತ್ತಿರದ ಆಸ್ಪತ್ರೆಯ ಕಿವಿ ವೈದ್ಯರನ್ನು ಅಂದೇ ಕಾಣಬೇಕು. ತಲೆಗೆ ಪೆಟ್ಟು ಬಿದ್ದು ಗೂಟ ಅಲುಗಿದ್ದರೆ, ಗೂಟದ ಸುತ್ತ ಊತದ ಜೊತೆ ಜ್ವರವಿದ್ದರೆ ಆಗಲೂ ಇದೇ ಮಾತು.

ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತ ಬಂದ ಶ್ರವಣ ಬೇರೆ ವಿಷಯ. ಸಾಧಾರಣ ಪ್ರೊಸೆಸರ್‌ಗಳು ಮೂಳೆಯ ಮೂಲಕ ಅಳೆದ ಶ್ರವಣ ಮಟ್ಟ ಸುಮಾರು 45 ಡೆಸಿಬಲ್‌ವರೆಗೆ ಇರುವವರಿಗೆ, ಹೆಚ್ಚು ಶಕ್ತಿಯವು 55 ಅಥವಾ 65ರವರೆಗೆ ಇರುವವರಿಗೆ ಹೊಂದುತ್ತವೆ. ಅಳವಡಿಸಿದಾಗ 40 ಇದ್ದದ್ದು ಈಗ 50 ದಾಟಿದ್ದರೆ ಯಂತ್ರ ಕೆಟ್ಟಿಲ್ಲ, ಸಾಲುತ್ತಿಲ್ಲ. ಹೊಸ ಆಡಿಯೋಗ್ರಾಮ್ (ಶ್ರವಣ ಪರೀಕ್ಷೆಯ ನಕ್ಷೆ) ಮಾಡಿಸಿ, ಅದೇ ಗೂಟಕ್ಕೆ ಹೊಂದುವ ಹೆಚ್ಚು ಶಕ್ತಿಯ ಪ್ರೊಸೆಸರ್ ಬಗ್ಗೆ ಕೇಳಬೇಕು.

ಬೇರೆ ಕಾಯಿಲೆಗೆ ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಪ್ರೊಸೆಸರ್ ಆ ಕೋಣೆಯೊಳಗೆ ಹೋಗಲೇಬಾರದು. ಟೈಟಾನಿಯಂ ತಿರುಪು ಮತ್ತು ಗೂಟದಿಂದ ತೊಂದರೆಯಿಲ್ಲ. ಚರ್ಮದೊಳಗೆ ಅಯಸ್ಕಾಂತ ಇರುವವರು ಮಾತ್ರ ತಮ್ಮ ಇಂಪ್ಲಾಂಟಿನ ಕಾರ್ಡನ್ನು ಮೊದಲೇ ತೋರಿಸಬೇಕು, ಏಕೆಂದರೆ ಎಷ್ಟು ಟೆಸ್ಲಾದ (ಅಯಸ್ಕಾಂತ ಬಲದ ಅಳತೆ) ಯಂತ್ರ ನಡೆಯುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ.

ರಿಪೇರಿಗೆ ಕಳುಹಿಸುವಾಗ

ಇಷ್ಟೆಲ್ಲ ನೋಡಿದ ಮೇಲೂ ದೋಷ ಪ್ರೊಸೆಸರಿನಲ್ಲೇ ಎಂದು ಖಚಿತವಾದರೆ ಬಳಸುವವರೇ ಪ್ರಯಾಣ ಮಾಡಬೇಕೆಂದಿಲ್ಲ. ಸಾಧನ ಅಳವಡಿಸಿದ ಚಿಕಿತ್ಸಾಲಯಕ್ಕೆ ಫೋನ್ ಮಾಡಿ ಕೊರಿಯರ್‌ನಲ್ಲಿ ಕಳುಹಿಸಬಹುದೇ ಎಂದು ವಿಚಾರಿಸಬೇಕು. ಫೋನಿನಲ್ಲಿ ‘ಕೇಳ್ತಿಲ್ಲ’ ಎಂದಷ್ಟೇ ಹೇಳುವ ಬದಲು, ಟೆಸ್ಟ್ ರಾಡ್‌ನಲ್ಲಿ ಯಾರಿಗೆ ಏನು ಕೇಳಿತು, ಯಾವ ಬ್ಯಾಟರಿ ಹಾಕಿ ನೋಡಲಾಯಿತು, ದೋಷ ಯಾವ ಹೊತ್ತಿನಲ್ಲಿ ಬರುತ್ತದೆ ಎಂಬ ಮೂರನ್ನು ಹೇಳಿದರೆ ಎದುರಿನವರು ಅಲ್ಲೇ ಒಂದು ತೀರ್ಮಾನಕ್ಕೆ ಬರಬಲ್ಲರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ತೋರಿಸಿಕೊಳ್ಳುವವರು ಹಳೆಯ ಆಡಿಯೋಗ್ರಾಮನ್ನೂ ಇಂಪ್ಲಾಂಟಿನ ಕಾರ್ಡನ್ನೂ ಜೊತೆಗೆ ಒಯ್ಯಬೇಕು. ಕಳುಹಿಸುವ ಪ್ರೊಸೆಸರಿನಿಂದ ಬ್ಯಾಟರಿಯನ್ನು ತೆಗೆದು, ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಂಡು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಟ್ಟಿ ಡಬ್ಬಿಯಲ್ಲಿ ಕಟ್ಟಬೇಕು. ರಿಪೇರಿಯ ಅವಧಿಗೆ ಎರವಲು ಪ್ರೊಸೆಸರ್ ಸಿಗುತ್ತದೆಯೇ ಎಂದು ಅದೇ ಕರೆಯಲ್ಲಿ ಕೇಳಬೇಕು, ಏಕೆಂದರೆ ಶಾಲೆಗೆ ಹೋಗುವ ಮಗುವಿದ್ದರೆ ಆ ವಾರಗಳ ಪಾಠವೂ ಅದರ ಮೇಲೆ ನಿಂತಿರುತ್ತದೆ.